ಮತ ಒಡೆದವರು ಯಾರು?

2024ರ ಫೆಬ್ರವರಿ 7ರಂದು ಕೆನಡಾದ ಸಂಸತ್ತಿನ ಕೆಳಮನೆಯಲ್ಲಿ ಸದಸ್ಯೆಯೊಬ್ಬರ ಖಾಸಗಿ ನಿರ್ಣಯವೊಂದು ಮತಕ್ಕೆ ಬಂತು. ದೇಶದ ಚುನಾವಣಾ ಪದ್ಧತಿ ಹೇಗಿರಬೇಕು ಎಂದು ಕೂತು ಯೋಚಿಸಿ ಹೇಳಲು ಸಾಮಾನ್ಯ ನಾಗರಿಕರದ್ದೇ ಒಂದು ಸಭೆ ರಚಿಸಿ ಎಂಬುದಷ್ಟೇ ಅದರ ಬೇಡಿಕೆ. ಪದ್ಧತಿಯನ್ನು ನಾಳೆಯೇ ಬದಲಿಸಿ ಎಂದೇನೂ ಅದು ಕೇಳಿರಲಿಲ್ಲ. ಪರವಾಗಿ 101 ಮತ, ವಿರುದ್ಧ 220. ನಿರ್ಣಯ ಬಿದ್ದುಹೋಯಿತು.

ಅದನ್ನು ಮಂಡಿಸಿದವರು ಲೀಸಾ ಮೇರಿ ಬ್ಯಾರನ್. ಎಡಪಂಥದತ್ತ ವಾಲಿದ ನ್ಯೂ ಡೆಮಾಕ್ರಟಿಕ್ ಪಕ್ಷ, ಅಂದರೆ ಎನ್‌ಡಿಪಿಯವರು. ಪೆಸಿಫಿಕ್ ಕರಾವಳಿಯ ನನೈಮೊ-ಲೇಡಿಸ್ಮಿತ್ ಕ್ಷೇತ್ರದಿಂದ 2021ರಲ್ಲಿ ಚಲಾಯಿತ ಮತದ ನೂರಕ್ಕೆ ಸುಮಾರು 29ರಷ್ಟನ್ನು ಪಡೆದು ಗೆದ್ದಿದ್ದರು. ತನ್ನನ್ನು ಮೇಲೇರಿಸಿದ ಏಣಿಯೇ ಸರಿಯಿಲ್ಲ ಎನ್ನುವ ರಾಜಕಾರಣಿ ನಮಗೆ ನಿತ್ಯ ಕಾಣಸಿಗುವವರಲ್ಲ. ಹದಿನಾಲ್ಕು ತಿಂಗಳು ಕಳೆದು 2025ರ ಏಪ್ರಿಲ್ 28ರಂದು ಮಹಾಚುನಾವಣೆ ನಡೆದಾಗ ಅದೇ ಏಣಿ ಅವರನ್ನು ಕೆಳಗಿಳಿಸಿತು. ಕನ್ಸರ್ವೇಟಿವ್ ಪಕ್ಷದ ತಮಾರಾ ಕ್ರೋನಿಸ್ ನೂರಕ್ಕೆ ಸುಮಾರು 35 ಮತ ಪಡೆದು ಗೆದ್ದರು. ಲಿಬರಲ್ ಅಭ್ಯರ್ಥಿ ಎರಡನೆಯ ಸ್ಥಾನಕ್ಕೆ ಬಂದರು. ಎನ್‌ಡಿಪಿ ಮತ್ತು ಗ್ರೀನ್ ಪಕ್ಷಗಳು ತಲಾ ನೂರಕ್ಕೆ 18ರ ಆಸುಪಾಸಿನಲ್ಲಿ ನಿಂತವು.

ಇಂಥ ಫಲಿತಾಂಶ ಬಂದಾಗಲೆಲ್ಲ ಕೇಳಿಬರುವ ಮಾತು ಒಂದೇ: ‘ಮತ ಒಡೆಯಿತು.’ ಈ ಮಾತಿನ ಮೇಲೆಯೇ ನಮ್ಮ ತಕರಾರು. ಗೆದ್ದವರ ಮೇಲಲ್ಲ. ಅವರು ಇರುವ ನಿಯಮದ ಪ್ರಕಾರವೇ ಗೆದ್ದಿದ್ದಾರೆ. ನಾಲ್ಕು ಪಕ್ಷಗಳು ನಿಂತಾಗ ಜನ ತಮಗೆ ಬೇಕಾದ ನಾಲ್ಕಕ್ಕೂ ಮತ ಹಾಕುತ್ತಾರೆ. ಅದರಲ್ಲಿ ಒಡೆಯುವುದೇನು ಬಂತು? ಒಡೆಯಬೇಕಾದರೆ ಮೊದಲು ಅದು ಒಂದಾಗಿ ಯಾರದೋ ಆಸ್ತಿಯಾಗಿ ಇರಬೇಕಲ್ಲವೇ? ಮತ ಯಾರ ಅಪ್ಪನ ಗದ್ದೆ?

ಮೊದಲು ಆ ಊರನ್ನು ಸ್ವಲ್ಪ ನೋಡೋಣ. ವ್ಯಾಂಕೂವರ್ ಎಂಬ ಮಹಾನಗರ ವ್ಯಾಂಕೂವರ್ ದ್ವೀಪದಲ್ಲಿ ಇಲ್ಲ, ಅದು ಎದುರು ದಡದಲ್ಲಿದೆ. ನಡುವಿನ ಕಡಲನ್ನು ಫೆರ್ರಿಯಲ್ಲಿ ದಾಟಿದರೆ ಸಿಗುವುದು ನನೈಮೊ. ಹೆಸರು ಬಂದದ್ದು ಅಲ್ಲಿನ ಮೂಲನಿವಾಸಿಗಳಾದ ಸ್ನುನೈಮುಕ್ ಜನರಿಂದ. ಅವರ ನೆಲದಡಿ ಕಲ್ಲಿದ್ದಲು ಇದೆ ಎಂದು ಗೊತ್ತಾದದ್ದೇ ತಡ, 1854ರಲ್ಲಿ ಬ್ರಿಟಿಷರು ಅವರೊಂದಿಗೆ ಒಪ್ಪಂದ ಮಾಡಿಕೊಂಡರು. ಗಣಿ ಬಂತು, ಗಣಿಯ ಹಿಂದೆ ಚೀನಾದ ಕೂಲಿಗಳು ಬಂದರು. 1887ರಲ್ಲಿ ಅಲ್ಲಿನ ಗಣಿ ಸ್ಫೋಟಗೊಂಡು ಸುಮಾರು 150 ಮಂದಿ ಸತ್ತರು. ಅವರಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಚೀನೀಯರು. ಬಿಳಿಯ ಕಾರ್ಮಿಕರ ಹೆಸರುಗಳು ದಾಖಲಾದವು. ಚೀನೀಯರಿಗೆ ಹೆಸರಿರಲಿಲ್ಲ, ಸಂಖ್ಯೆ ಇತ್ತು. ಸತ್ತ ಮೇಲೂ ಅವರು ಇಂತಿಷ್ಟನೆಯ ಚೀನೀಯ.

ಮತದ ಚರ್ಚೆಯಲ್ಲಿ ಇದನ್ನೆಲ್ಲ ಎಳೆದು ತರುವುದೇಕೆ ಎಂದು ಓದುಗರು ಕೇಳಬಹುದು. ಯಾರ ಮತ ಲೆಕ್ಕಕ್ಕೆ ಬರಬೇಕು ಎಂಬ ಜಗಳ ಆ ಕರಾವಳಿಗೆ ಹೊಸತಲ್ಲ, ಅದಕ್ಕೆ. ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಸರಕಾರ 1907ರಲ್ಲಿ ಭಾರತೀಯರ ಮತದಾನದ ಹಕ್ಕನ್ನು ಕಿತ್ತುಕೊಂಡಿತು. ಪ್ರಾಂತದ ಪಟ್ಟಿಯಲ್ಲಿ ಇಲ್ಲದವರಿಗೆ ದೇಶದ ಚುನಾವಣೆಯಲ್ಲೂ ಮತ ಇರಲಿಲ್ಲ. ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳು ತೆರಿಗೆ ಕಟ್ಟಬಹುದಿತ್ತು, ಮತಗಟ್ಟೆಗೆ ಬರುವಂತಿರಲಿಲ್ಲ. 1914ರಲ್ಲಿ ಕೊಮಗಾಟ ಮಾರು ಹಡಗು 376 ಪ್ರಯಾಣಿಕರನ್ನು ಹೊತ್ತು ವ್ಯಾಂಕೂವರಿಗೆ ಬಂತು. ಹೆಚ್ಚಿನವರು ಸಿಖ್ಖರು, 24 ಮಂದಿ ಮುಸ್ಲಿಮರು, 12 ಮಂದಿ ಹಿಂದೂಗಳು. ಕೆಲವೇ ಮಂದಿಯನ್ನು ಬಿಟ್ಟು ಉಳಿದವರನ್ನೆಲ್ಲ ಎರಡು ತಿಂಗಳು ನೀರಲ್ಲೇ ನಿಲ್ಲಿಸಿ ವಾಪಸು ಅಟ್ಟಿದರು. ಅವರ ಪರ ಮಾತಾಡುವ ಜನಪ್ರತಿನಿಧಿ ಎಲ್ಲಿದ್ದ? ಅವರ ಬಂಧುಗಳಿಗೆ ಮತವೇ ಇರಲಿಲ್ಲವಲ್ಲ! ಭಾರತೀಯರಿಗೂ ಚೀನೀಯರಿಗೂ ಮತ ಮರಳಿ ಸಿಕ್ಕಿದ್ದು 1947ರಲ್ಲಿ. ತಮ್ಮ ಕಾನೂನುಬದ್ಧ ಸ್ಥಾನಮಾನ ಬಿಟ್ಟುಕೊಡದೆಯೇ ದೇಶದ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಮೂಲನಿವಾಸಿಗಳೆಲ್ಲರಿಗೂ ಸಿಕ್ಕಿದ್ದು 1960ರಲ್ಲಿ. ನೆಲದ ಒಡೆಯರಿಗೇ ಕೊನೆಯ ಸರದಿ!

ಹೀಗೆ ಕಷ್ಟಪಟ್ಟು ಪಡೆದ ಮತದ ಬೆಲೆ ಇಂದು ಎಷ್ಟು? ಇದೇ ಕ್ಷೇತ್ರದ ಲೆಕ್ಕ ಹಾಕೋಣ. 2015ರಲ್ಲಿ ಎನ್‌ಡಿಪಿಯ ಶೀಲಾ ಮಾಲ್ಕಮ್ಸನ್ ಗೆದ್ದರು, ನೂರಕ್ಕೆ 33 ಮತದಿಂದ. ಅವರು ಪ್ರಾಂತದ ವಿಧಾನಸಭೆಗೆ ಸ್ಪರ್ಧಿಸಲು ರಾಜೀನಾಮೆ ಕೊಟ್ಟದ್ದರಿಂದ 2019ರ ಮೇ ತಿಂಗಳಲ್ಲಿ ಉಪಚುನಾವಣೆ ನಡೆಯಿತು. ಗ್ರೀನ್ ಪಕ್ಷದ ಪಾಲ್ ಮ್ಯಾನ್ಲಿ 37ರಿಂದ ಗೆದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮತ್ತೆ ಅವರೇ, ಸುಮಾರು 35ರಿಂದ. 2021ರಲ್ಲಿ ಬ್ಯಾರನ್, 29. 2025ರಲ್ಲಿ ಕ್ರೋನಿಸ್, 35. ಹತ್ತು ವರ್ಷ, ಐದು ಚುನಾವಣೆ, ಮೂರು ಪಕ್ಷ. ಗೆದ್ದವರು ಒಮ್ಮೆಯಾದರೂ ನೂರಕ್ಕೆ ನಲವತ್ತನ್ನು ಮುಟ್ಟಲಿಲ್ಲ. ಪ್ರತಿ ಸಲವೂ ಮತಗಟ್ಟೆಗೆ ಬಂದವರಲ್ಲಿ ಹತ್ತಕ್ಕೆ ಆರಕ್ಕಿಂತ ಹೆಚ್ಚು ಮಂದಿ ಬೇರೆಯವರನ್ನು ಬಯಸಿದ್ದರು. ಆ ಆರು ಮಂದಿಯ ಮತ ಎಣಿಕೆ ಮುಗಿದ ಮೇಲೆ ಎಲ್ಲಿಗೆ ಹೋಯಿತು? ಎಲ್ಲಿಗೂ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಅದೂ ಒಂದು ಸಂಖ್ಯೆ.

ಪಾಲ್ ಮ್ಯಾನ್ಲಿಯವರ ಕಥೆಯನ್ನು ಇನ್ನಷ್ಟು ಹೇಳಬೇಕು. ಅವರು ಸಾಕ್ಷ್ಯಚಿತ್ರ ತಯಾರಕರು. ತಂದೆ ಜಿಮ್ ಮ್ಯಾನ್ಲಿ ಹಿಂದೆ ಎನ್‌ಡಿಪಿಯ ಸಂಸದರಾಗಿದ್ದವರು, ಕ್ರೈಸ್ತ ಪಾದ್ರಿ. ಇಳಿವಯಸ್ಸಿನಲ್ಲಿ, 2012ರ ಅಕ್ಟೋಬರ್‌ನಲ್ಲಿ, ಗಾಝಾದ ದಿಗ್ಬಂಧನವನ್ನು ಪ್ರತಿಭಟಿಸಲು ಹೊರಟ ‘ಎಸ್ಟೆಲ್’ ಎಂಬ ಹಡಗನ್ನು ಹತ್ತಿದ್ದರು. ಇಸ್ರೇಲ್ ನೌಕಾಪಡೆ ಕಡಲಲ್ಲೇ ಹಡಗನ್ನು ತಡೆದು ಅವರನ್ನೂ ಬಂಧಿಸಿತು. ತಂದೆಯ ಪರ ಪಕ್ಷ ಗಟ್ಟಿಯಾಗಿ ದನಿ ಎತ್ತಲಿಲ್ಲ ಎಂಬುದು ಮಗನ ಅಸಮಾಧಾನ. ಎರಡು ವರ್ಷದ ಬಳಿಕ ಪಾಲ್ ಎನ್‌ಡಿಪಿಯ ಅಭ್ಯರ್ಥಿಯಾಗಲು ಅರ್ಜಿ ಹಾಕಿದಾಗ ಪಕ್ಷ ಅದನ್ನು ತಡೆಯಿತು. ಇಸ್ರೇಲ್ ವಿಷಯದಲ್ಲಿ ತಾನು ಆಡಿದ ಮಾತೇ ಅದಕ್ಕೆ ಕಾರಣ ಎಂದು ಅವರು ಬಹಿರಂಗವಾಗಿಯೇ ಹೇಳಿದರು. ಸ್ಥಳೀಯ ಕಾರ್ಯಕರ್ತರು ಆರಿಸುವುದೋ ಬಿಡುವುದೋ ಎಂಬ ಪ್ರಶ್ನೆಯೇ ಬರಲಿಲ್ಲ, ಬಾಗಿಲು ಮೇಲಿನಿಂದಲೇ ಮುಚ್ಚಿತು. ಅವರು ಗ್ರೀನ್ ಪಕ್ಷಕ್ಕೆ ಹೋದರು. 2015ರಲ್ಲಿ ನಾಲ್ಕನೆಯ ಸ್ಥಾನ, ನೂರಕ್ಕೆ ಸುಮಾರು 20 ಮತ. ನಾಲ್ಕು ವರ್ಷದ ನಂತರ ಗೆಲುವು. ಎಲಿಜಬೆತ್ ಮೇ ಅವರನ್ನು ಬಿಟ್ಟರೆ ಆ ಪಕ್ಷದ ಹೆಸರಿನಲ್ಲಿ ಗೆದ್ದು ಕೆಳಮನೆ ಹೊಕ್ಕ ಎರಡನೆಯ ವ್ಯಕ್ತಿ ಅವರು.

ಈಗ ಹೇಳಿ, 2015ರಲ್ಲಿ ಅವರಿಗೆ ಮತ ಹಾಕಿದ ಐದರಲ್ಲಿ ಒಬ್ಬ ಮತದಾರನಿಗೆ ಏನೆನ್ನಬೇಕು? ಅವನು ಮತ ಒಡೆದವನೇ? ಆ ದಿನ ಎಲ್ಲರೂ ‘ಗೆಲ್ಲುವವರಿಗೆ ಹಾಕಿ, ವ್ಯರ್ಥ ಮಾಡಬೇಡಿ’ ಎಂಬ ಬುದ್ಧಿವಾದ ಕೇಳಿದ್ದರೆ 2019ರ ಗೆಲುವು ಸಾಧ್ಯವಿತ್ತೇ? ಎಲ್ಲ ಹೊಸ ದನಿಯೂ ಮೊದಲು ನಾಲ್ಕನೆಯ ಸ್ಥಾನದಲ್ಲೇ ಹುಟ್ಟುತ್ತದೆ. ಅಲ್ಲಿಯೇ ಅದರ ಕತ್ತು ಹಿಸುಕಬೇಕು ಎನ್ನುವುದನ್ನೇ ನಮ್ಮ ಬುದ್ಧಿವಂತರು ಜಾಣ ಮತದಾನ ಎಂದು ಕರೆಯುತ್ತಾರೆ.

ಜಾಣತನಕ್ಕಾದರೂ ಒಂದು ಆಧಾರ ಬೇಡವೇ? 2021ರಲ್ಲಿ ಬ್ಯಾರನ್, ಕ್ರೋನಿಸ್, ಮ್ಯಾನ್ಲಿ ಮೂವರೂ ಎರಡು ಸಾವಿರ ಚಿಲ್ಲರೆ ಮತಗಳ ಅಂತರದಲ್ಲಿದ್ದರು. ಯಾರು ಗೆದ್ದರು ಎಂದು ತಿಳಿಯಲು ಅಂಚೆ ಮತಗಳ ಎಣಿಕೆ ಮುಗಿಯುವ ತನಕ ಕಾಯಬೇಕಾಯಿತು. ಎಣಿಸುವವರಿಗೇ ಆ ರಾತ್ರಿ ಗೊತ್ತಾಗದ್ದು ಮತ ಹಾಕುವವನಿಗೆ ಬೆಳಗ್ಗೆಯೇ ಗೊತ್ತಿರಬೇಕು ಎಂದರೆ ಹೇಗೆ? 2025ರಲ್ಲಂತೂ ಗೊಂದಲ ಇನ್ನೂ ಹೆಚ್ಚು. ಅಮೆರಿಕದ ಅಧ್ಯಕ್ಷ ಟ್ರಂಪ್ ಕೆನಡಾವನ್ನು ತಮ್ಮ ದೇಶದ 51ನೆಯ ರಾಜ್ಯ ಎಂದು ಕರೆಯತೊಡಗಿದ್ದರಿಂದ ಜನ ಕಂಗಾಲಾಗಿ ಮಾರ್ಕ್ ಕಾರ್ನಿಯವರ ಲಿಬರಲ್ ಪಕ್ಷದ ಕಡೆ ವಾಲಿದ್ದರು. ಕನ್ಸರ್ವೇಟಿವರು ಬೇಡ ಎಂದುಕೊಂಡಿದ್ದ ನನೈಮೊದ ಮತದಾರ ಏನು ಮಾಡಬೇಕಿತ್ತು? ಎನ್‌ಡಿಪಿಗೆ ಹಾಕಬೇಕೇ? ಹಾಲಿ ಸದಸ್ಯೆ ಅವರದೇ. ಗ್ರೀನ್‌ಗೆ ಹಾಕಬೇಕೇ? ಹಿಂದೆ ಎರಡು ಸಲ ಗೆದ್ದ ಮ್ಯಾನ್ಲಿ ಮತ್ತೆ ನಿಂತಿದ್ದರು. ಲಿಬರಲ್‌ಗೆ ಹಾಕಬೇಕೇ? ದೇಶದ ಅಲೆ ಅತ್ತಲೇ ಇತ್ತು. ಮೂರು ವಾದವೂ ಸರಿಯಾದ ವಾದವೇ. ಪತ್ರಿಕೆಗಳು ಕ್ಷೇತ್ರವಾರು ಭವಿಷ್ಯ ಎಂದು ತೋರಿಸುವ ಅಂಕಿಗಳಾದರೂ ಬಹುತೇಕ ಆ ಊರಿನ ಜನರನ್ನು ಕೇಳಿ ಪಡೆದವಲ್ಲ. ಇಡೀ ದೇಶದ ಸಮೀಕ್ಷೆಯನ್ನು ಹಿಂದಿನ ಫಲಿತಾಂಶದ ಮೇಲೆ ಹರಡಿ ತೆಗೆದ ಅಂದಾಜು. ಇದನ್ನು ನಂಬಿ ಒಬ್ಬ ಮನುಷ್ಯ ತನ್ನ ಮನಸ್ಸಿಗೆ ಬಂದವರನ್ನು ಬಿಟ್ಟು ಮತ್ತೊಬ್ಬರಿಗೆ ಹಾಕಬೇಕು. ತಪ್ಪಾದರೆ ಬೈಗುಳ ಅವನಿಗೇ!

ಸೋತ ಮೂರೂ ಪಕ್ಷಗಳ ಮತ ಕೂಡಿಸಿದರೆ ನೂರಕ್ಕೆ 64ರ ಹತ್ತಿರ ಬರುತ್ತದೆ. ಅದಷ್ಟೂ ಒಂದೇ ಮನಸ್ಸಿನ ಮತ ಎಂದು ನಾವು ಹೇಳುವುದಿಲ್ಲ. ಲಿಬರಲ್ ಮತದಾರನ ಎರಡನೆಯ ಆಯ್ಕೆ ಕನ್ಸರ್ವೇಟಿವ್ ಆಗಿದ್ದರೂ ಆಗಿರಬಹುದು. ವಿಷಯ ಅದೇ ಅಲ್ಲವೇ? ಅವನನ್ನು ಯಾರೂ ಕೇಳಲೇ ಇಲ್ಲ. ಮತಪತ್ರದಲ್ಲಿ ಕೇಳಲು ಜಾಗವೇ ಇಲ್ಲ.

ದೇಶದ ಮಟ್ಟದಲ್ಲಿ ಈ ಪದ್ಧತಿಯ ಕರಾಮತ್ತು ಇನ್ನೂ ಚೆನ್ನಾಗಿ ಕಾಣುತ್ತದೆ. 2025ರಲ್ಲಿ ಎನ್‌ಡಿಪಿಗೂ ಕ್ವಿಬೆಕ್ ಪ್ರಾಂತದ ಬ್ಲಾಕ್ ಕ್ವಿಬೆಕ್ವಾ ಪಕ್ಷಕ್ಕೂ ಬಿದ್ದ ಮತ ಹೆಚ್ಚುಕಡಿಮೆ ಒಂದೇ, ನೂರಕ್ಕೆ 6.3. ಬ್ಲಾಕ್‌ಗೆ 22 ಸ್ಥಾನ, ಎನ್‌ಡಿಪಿಗೆ 7! ಒಂದು ಪ್ರಾಂತದಲ್ಲಿ ಗುಂಪಾಗಿ ಇದ್ದವರಿಗೆ ಲಾಭ, ದೇಶದ ತುಂಬ ಹರಡಿ ಇದ್ದವರಿಗೆ ನಷ್ಟ. ಇದು ಎಡದವರ ಅಳಲು ಮಾತ್ರ ಎಂದೂ ಯಾರೂ ತಿಳಿಯಬಾರದು. 2019ರಲ್ಲೂ 2021ರಲ್ಲೂ ದೇಶದಲ್ಲಿ ಅತಿ ಹೆಚ್ಚು ಮತ ಪಡೆದದ್ದು ಕನ್ಸರ್ವೇಟಿವ್ ಪಕ್ಷ. ಎರಡು ಸಲವೂ ಅಧಿಕಾರ ಹಿಡಿದದ್ದು ಲಿಬರಲ್ ಪಕ್ಷ. ಹಾಗಿದ್ದೂ ಬ್ಯಾರನ್ ನಿರ್ಣಯವನ್ನು ಕೆಡವಲು ಬಹುಪಾಲು ಕನ್ಸರ್ವೇಟಿವರು ಲಿಬರಲ್ಲರ ಜೊತೆಗೇ ಕೈ ಎತ್ತಿದರು. ಇಂದು ಪೆಟ್ಟು ತಿಂದರೂ ನಾಳೆ ಇದೇ ಕೋಲು ತಮ್ಮ ಕೈಗೆ ಬರುತ್ತದೆ ಎಂಬ ಆಸೆ. ನನೈಮೊದಲ್ಲಿ ಅದು ನಿಜವೂ ಆಯಿತು.

ಎಲ್ಲರಿಗಿಂತ ದೊಡ್ಡ ಪಾಲು ಜಸ್ಟಿನ್ ಟ್ರುಡೊ ಅವರದು. ಮುಂದಿದ್ದವನೇ ಗೆದ್ದ ಎಂಬ ಈ ಪದ್ಧತಿಯಲ್ಲಿ 2015ರದ್ದೇ ಕೊನೆಯ ಚುನಾವಣೆ ಎಂದು ಅವರು ವಾಗ್ದಾನ ಮಾಡಿದ್ದರು. ನೂರಕ್ಕೆ ಮೂವತ್ತೊಂಬತ್ತೂವರೆ ಮತಕ್ಕೆ ಪೂರ್ಣ ಬಹುಮತ ಸಿಕ್ಕಿತು. ಸಂಸತ್ತಿನ ವಿಶೇಷ ಸಮಿತಿ ಊರೂರು ಸುತ್ತಿ ಸಾಕ್ಷ್ಯ ಕೇಳಿತು, 2016ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. 2017ರ ಫೆಬ್ರವರಿಯಲ್ಲಿ ಸರಕಾರ ಇಡೀ ಯೋಜನೆಯನ್ನೇ ಕೈಬಿಟ್ಟಿತು. ಜನರಲ್ಲಿ ಒಮ್ಮತವಿಲ್ಲ ಎಂಬುದು ಕೊಟ್ಟ ಕಾರಣ. ಅದಕ್ಕೆ ಒಂಬತ್ತು ತಿಂಗಳ ಮೊದಲು, 2016ರ ಮೇ ತಿಂಗಳಲ್ಲಿ, ಇದೇ ಪ್ರಧಾನಿ ಕೊಮಗಾಟ ಮಾರು ಪ್ರಕರಣಕ್ಕಾಗಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದರು. ನೂರು ವರ್ಷದ ಹಿಂದಿನವರು ಮಾಡಿದ ಅನ್ಯಾಯಕ್ಕೆ ಕ್ಷಮೆ ಕೇಳುವುದು ಸುಲಭ, ಅದಕ್ಕಾಗಿ ಒಂದು ಸ್ಥಾನವನ್ನೂ ಕಳೆದುಕೊಳ್ಳಬೇಕಾಗಿಲ್ಲ. 2025ರ ಜನವರಿಯಲ್ಲಿ ರಾಜೀನಾಮೆ ಘೋಷಿಸುವಾಗ, ಚುನಾವಣಾ ಪದ್ಧತಿ ಬದಲಿಸಲಾಗದ್ದು ತಮಗೆ ಉಳಿದಿರುವ ವಿಷಾದ ಎಂದರು. ಒಂಬತ್ತು ವರ್ಷ ಅಧಿಕಾರದಲ್ಲಿದ್ದಾಗ ಬಾರದ ವಿಷಾದ ಹೊಸ್ತಿಲು ದಾಟುವಾಗ ಬಂತು.

‘ಜನರೇ ಬೇಡ ಎಂದಿದ್ದಾರಲ್ಲ’ ಎಂದು ಇದಕ್ಕೆ ಉತ್ತರ ಬರುತ್ತದೆ. ಅದೂ ಇದೇ ಪ್ರಾಂತದ ಕಥೆಯಾದ್ದರಿಂದ ನೋಡಿಬಿಡೋಣ. 1996ರಲ್ಲಿ ಬ್ರಿಟಿಷ್ ಕೊಲಂಬಿಯಾದ ಪ್ರಾಂತೀಯ ಚುನಾವಣೆಯಲ್ಲಿ ಲಿಬರಲ್ಲರು ಹೆಚ್ಚು ಮತ ಪಡೆದರು, ಆದರೆ ಎನ್‌ಡಿಪಿ ಗೆದ್ದಿತು. ಪೆಟ್ಟು ತಿಂದ ಲಿಬರಲ್ಲರಿಗೆ ಪದ್ಧತಿಯ ದೋಷ ಕಂಡಿತು. 2001ರಲ್ಲಿ ಅವರು ನೂರಕ್ಕೆ 57.6 ಮತ ಪಡೆದು 79ರಲ್ಲಿ 77 ಸ್ಥಾನ ಬಾಚಿಕೊಂಡರು. ಕೊಟ್ಟ ಮಾತಿನಂತೆ ನಾಗರಿಕರ ಸಭೆಯನ್ನೂ ರಚಿಸಿದರು, ಆ ಮಟ್ಟಿಗೆ ಅವರನ್ನು ಮೆಚ್ಚಬೇಕು. ಚೀಟಿ ಎತ್ತಿ ಆರಿಸಿದ ಸಾಮಾನ್ಯ ಜನ ತಿಂಗಳುಗಟ್ಟಲೆ ಕೂತು ಪ್ರಾಶಸ್ತ್ಯ ಮತದ ಪದ್ಧತಿಯೊಂದನ್ನು ಸೂಚಿಸಿದರು. ನಮ್ಮ ವಿಧಾನ ಪರಿಷತ್ತಿನ ಶಿಕ್ಷಕರ ಮತ್ತು ಪದವೀಧರರ ಕ್ಷೇತ್ರಗಳಲ್ಲಿ ಮೊದಲ ಪ್ರಾಶಸ್ತ್ಯ, ಎರಡನೆಯ ಪ್ರಾಶಸ್ತ್ಯ ಎಂದು ಅಂಕಿ ಬರೆಯುತ್ತೇವಲ್ಲ, ಆ ಬಗೆಯದೇ. ಆದರೆ ಒಂದೊಂದು ಕ್ಷೇತ್ರದಿಂದ ಹಲವು ಸದಸ್ಯರು. 2005ರಲ್ಲಿ ಜನಮತ ಸಂಗ್ರಹ ನಡೆಯಿತು. ಬದಲಾವಣೆಯ ಪರ ನೂರಕ್ಕೆ 57.7 ಮತ, 79ರಲ್ಲಿ 77 ಕ್ಷೇತ್ರಗಳಲ್ಲಿ ಬಹುಮತ. ಸೋತಿತು! ಸರಕಾರ ಮೊದಲೇ ನೂರಕ್ಕೆ 60 ಬೇಕು ಎಂದು ಗೆರೆ ಎಳೆದಿತ್ತು. ಅಂದರೆ 57.6 ಮತ ಬಿದ್ದರೆ ಇಡೀ ವಿಧಾನಸಭೆಯನ್ನೇ ನುಂಗಬಹುದು, 57.7 ಬಿದ್ದರೂ ನುಂಗುವ ರೀತಿಯನ್ನು ಬದಲಿಸುವಂತಿಲ್ಲ.

ನಂತರ 2009ರಲ್ಲೂ 2018ರಲ್ಲೂ ಮತ್ತೆ ಕೇಳಿದಾಗ ಬದಲಾವಣೆಯ ಪರ ನೂರಕ್ಕೆ 39ರಷ್ಟು ಮಾತ್ರ ಬಿತ್ತು ಎಂಬುದೂ ನಿಜ. ಅದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಆದರೆ ಒಮ್ಮೆ ಗೆದ್ದದ್ದನ್ನು ಸೋಲು ಎಂದು ಘೋಷಿಸಿದ ಮೇಲೆ ಜನರ ಉತ್ಸಾಹ ಅಷ್ಟೇ ಉಳಿಯಬೇಕೆಂದು ಬಯಸುವುದು ಯಾವ ನ್ಯಾಯ?

ಸರಕಾರಗಳು ಅಸ್ಥಿರವಾಗುತ್ತವೆ ಎಂಬ ಹೆದರಿಕೆಯೂ ಇದೆ. ನ್ಯೂಜಿಲೆಂಡ್ ಕೂಡ ಬ್ರಿಟಿಷರ ಇದೇ ಪದ್ಧತಿಯನ್ನು ಹೊತ್ತಿದ್ದ ದೇಶ. ಅಲ್ಲಿನ ಜನ 1993ರಲ್ಲಿ ಅದನ್ನು ಬಿಟ್ಟು, ಪಕ್ಷಕ್ಕೊಂದು ಕ್ಷೇತ್ರಕ್ಕೊಂದು ಎಂದು ಎರಡು ಮತ ಹಾಕುವ ಪದ್ಧತಿಯನ್ನು ಆರಿಸಿಕೊಂಡರು. 1996ರಿಂದ ಅದರಲ್ಲೇ ಚುನಾವಣೆ ನಡೆಯುತ್ತಿದೆ. ಆಕಾಶ ಕಳಚಿ ಬಿದ್ದಿಲ್ಲ. ಕೆನಡಾದಲ್ಲಾದರೋ 2019, 2021, 2025 ಮೂರೂ ಚುನಾವಣೆಗಳಲ್ಲಿ ಯಾವ ಪಕ್ಷಕ್ಕೂ ಬಹುಮತ ಸಿಗಲಿಲ್ಲ. ನ್ಯಾಯವನ್ನು ಬಲಿಕೊಟ್ಟು ಸ್ಥಿರತೆ ಕೊಳ್ಳುತ್ತೇವೆ ಎಂದವರಿಗೆ ಸ್ಥಿರತೆಯೂ ಸಿಗಲಿಲ್ಲ.

ದೂರದ ಕೆನಡಾದ ಒಂದು ಕ್ಷೇತ್ರಕ್ಕಾಗಿ ನಾವು ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. ಆ ಏಣಿ ನಮ್ಮ ಮನೆಯಲ್ಲೂ ಇದೆ, ಕೊಟ್ಟವರೂ ಅವರೇ. 2018ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ನೂರಕ್ಕೆ 38 ಮತ ಪಡೆದ ಕಾಂಗ್ರೆಸ್, 36 ಪಡೆದ ಬಿಜೆಪಿಗಿಂತ ಇಪ್ಪತ್ತಕ್ಕೂ ಹೆಚ್ಚು ಸ್ಥಾನ ಹಿಂದೆ ಬಿತ್ತು. ಚುನಾವಣೆ ಬಂತೆಂದರೆ ನಮ್ಮ ಕರಾವಳಿಯಲ್ಲೂ ಮುಸ್ಲಿಮರಿಗೆ, ದಲಿತರಿಗೆ ಮೊದಲು ಕೇಳಿಸುವುದು ‘ಮತ ಒಡೆಯಬೇಡಿ’ ಎಂಬ ಉಪದೇಶ. ನಿಮ್ಮ ಊರಿನ ರಸ್ತೆ, ಶಾಲೆ, ಕೆಲಸದ ಮಾತು ಆಮೇಲೆ. ಇಂತಹದೇನೋ ಆಗಬಹುದೆಂಬ ಶಂಕೆ ನಮ್ಮ ಸಂವಿಧಾನ ಸಭೆಯಲ್ಲೂ ಎದ್ದಿತ್ತು. 1949ರ ಜನವರಿಯಲ್ಲಿ ಖಾಜಿ ಸಯ್ಯದ್ ಕರೀಮುದ್ದೀನ್ ಅವರು ಬಿದ್ದ ಮತಕ್ಕೆ ತಕ್ಕಷ್ಟು ಪ್ರಾತಿನಿಧ್ಯ ಸಿಗುವ ಪದ್ಧತಿ ಬೇಕೆಂದು ತಿದ್ದುಪಡಿ ತಂದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಅಕ್ಷರ ಬಾರದ ಜನಸಾಗರದಲ್ಲಿ ಅಂಕಿ ಬರೆದು ಮತ ಹಾಕುವುದು ಕಷ್ಟ, ಹೊಸ ದೇಶದ ಶಾಸನಸಭೆ ಚೂರುಚೂರಾದರೆ ಸರಕಾರ ನಿಲ್ಲದು ಎಂಬುದು ಅವರ ಕಾರಣ. ಅಂದಿನ ಭಾರತಕ್ಕೆ ಅದು ತೂಕದ ಮಾತು. ಎಲ್ಲರೂ ಶಾಲೆ ಕಲಿತ ಕೆನಡಾ ಯಾವ ಬಾಯಿಯಿಂದ ಆ ಕಾರಣ ಹೇಳುತ್ತದೆ?

ಟಾಮಿ ಡಗ್ಲಾಸ್ ಎಂಬ ಹಿರಿಯರನ್ನು ಕೆನಡಾದ ಜನ ಇಂದಿಗೂ ನೆನೆಯುತ್ತಾರೆ. ದುಡ್ಡಿಲ್ಲದವನಿಗೂ ಚಿಕಿತ್ಸೆ ಸಿಗಬೇಕೆಂದು ಸಸ್ಕಾಚವಾನ್ ಪ್ರಾಂತದಲ್ಲಿ ಸರಕಾರಿ ಆರೋಗ್ಯ ವಿಮೆ ತಂದು, ಇಡೀ ದೇಶ ಆ ದಾರಿ ಹಿಡಿಯುವಂತೆ ಮಾಡಿದವರು. ಎನ್‌ಡಿಪಿಯ ಮೊದಲ ನಾಯಕರಾದ ಅವರು 1969ರಿಂದ ಹತ್ತು ವರ್ಷ ಸಂಸತ್ತಿಗೆ ಹೋದದ್ದು ನನೈಮೊ ಸೇರಿದ್ದ ಅಂದಿನ ಕ್ಷೇತ್ರದಿಂದಲೇ. ಅವರ ಪಕ್ಷ ದೇಶದಲ್ಲಿ ಎಂದೂ ಅಧಿಕಾರಕ್ಕೆ ಬಂದದ್ದಿಲ್ಲ. ಗೆಲ್ಲುವ ಪಕ್ಷಕ್ಕೇ ಹಾಕಿ ಎಂಬ ಮಾತನ್ನು ಆ ಗಣಿ ಕಾರ್ಮಿಕರ ಮಕ್ಕಳು ಅಂದು ಕೇಳಿದ್ದರೆ ಡಗ್ಲಾಸರಿಗೂ ಅವರು ಮತ ಹಾಕುವಂತಿರಲಿಲ್ಲ.

ಈಗಿನ ಕಾನೂನಿನ ಪ್ರಕಾರ ಮುಂದಿನ ಮಹಾಚುನಾವಣೆ 2029ರ ಅಕ್ಟೋಬರ್ ಒಳಗೆ ನಡೆಯಬೇಕು. ಬ್ಯಾರನ್ ಈಗ ಸಂಸತ್ತಿನಲ್ಲಿ ಇಲ್ಲ. ನಾಗರಿಕರ ಸಭೆ ಬೇಡ ಎಂದ 220 ಮಂದಿಯಲ್ಲಿ ಅನೇಕರು ಮತ್ತೆ ಗೆದ್ದು ಅಲ್ಲಿಯೇ ಕೂತಿದ್ದಾರೆ. ನನೈಮೊದ ಮತದಾರನ ಕೈಗೆ ಆ ದಿನವೂ ಕಾಗದದ ಅದೇ ಮತಪತ್ರ, ಜೊತೆಗೊಂದು ಪೆನ್ಸಿಲ್ ಕೊಡುತ್ತಾರೆ. ಹೆಸರುಗಳ ಮುಂದೆ ವೃತ್ತಗಳಿರುತ್ತವೆ. ಗುರುತು ಹಾಕಬಹುದಾದದ್ದು ಒಂದರಲ್ಲಿ ಮಾತ್ರ.